ಕ್ಯಾಮೆರಾ ನಿಂತಿದ್ದ ಗೋಡೆ

ಜೂನ್ 3, ಮಂಗಳವಾರ, ಬೆಳಿಗ್ಗೆ

ಅಂಟು ಒಣಗಿಲ್ಲ. ಸೆಟ್ಟಿನ ಪುಟ್ಟ ಮಾಡೆಲ್‌ನ ಅಡುಗೆಮನೆ ಬಾಗಿಲು ಮತ್ತೆ ವಾಲಿತು. ಬೆಂಕಿಕಡ್ಡಿ ಗಾತ್ರದ ಚೌಕಟ್ಟು. ಮೊದಲಾದರೆ ಮಾತಾಡುತ್ತಲೇ ನಿಲ್ಲಿಸಿಬಿಡುತ್ತಿದ್ದೆ. ಈಗ ಬಲಗೈ ನಡುಗದಿರಲಿ ಅಂತ ಎಡಗೈಯಿಂದ ಹಿಡಿದುಕೊಳ್ಳಬೇಕು. ಎಡಗೈಯನ್ನು ಯಾರು ಹಿಡಿಯಬೇಕೋ! ಟೇಬಲ್ ಲ್ಯಾಂಪಿನ ಬಲ್ಬ್ ಹೋಗಿದೆ. ತರಬೇಕು.

ಗುಂಡುಪಿನ್ನು ಫೋನ್ ಮಾಡಿದ. ಈಗ ಹೆಸರು ಮಾಡಿದ ನಾಟಕದ ನಿರ್ದೇಶಕ, ತಲೆ ಮುಕ್ಕಾಲು ಬೋಳು. ನನಗೆ ಮಾತ್ರ ಗುಂಡುಪಿನ್ನೇ. ಟೀವಿ ಕಾಲದಲ್ಲಿ ನನ್ನ ಅಸಿಸ್ಟೆಂಟ್ ಆಗಿದ್ದ. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಕರ್ಟನ್ನು ಕಟ್ಟುತ್ತಾ, ಆ ಪಿನ್ನುಗಳ ಸಂದಿಯಿಂದಲೇ ನನ್ನ ಜೊತೆ ಜಗಳ ಆಡುತ್ತಿದ್ದ.

"ಮೇಡಂ, ಮೂರು ಗೋಡೆ ಡ್ರಾಯಿಂಗ್ ಬಂತು. ನಾಲ್ಕನೇದು?"

"ಬರತ್ತೆ ಇರೋ."

"ಬಡಗಿ ಕೇಳ್ತಿದಾರೆ. ಪ್ಲೈವುಡ್ ಬಂದು ಬಿದ್ದಿದೆ."

"ಪ್ಲೈವುಡ್ ಏನು ಹಾಲಾ, ಒಡೆದು ಹೋಗೋಕೆ?"

ನಕ್ಕ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ನಾಟಕದಲ್ಲಿ ಮಾರಿದ ಮನೆಯೊಂದನ್ನು ಖಾಲಿ ಮಾಡಲು ಒಡಹುಟ್ಟಿದವರಿಬ್ಬರು ಬರುತ್ತಾರೆ. ಇವನ ಹಟ ಏನೆಂದರೆ ಸ್ಟೇಜೇ ಬೇಡ, ಪ್ರೇಕ್ಷಕರು ಮನೆಯೊಳಗೇ ಬಂದು ಕೂರಬೇಕು, ಸುತ್ತ ನಾಲ್ಕು ಗೋಡೆ ಇರಬೇಕು. "ಸೀರಿಯಲ್ ಮನೆ ಅಲ್ಲ ಮೇಡಂ, ನಿಮ್ಮ ಸ್ವಂತ ಮನೆ. ನೀವು ಹುಟ್ಟಿ ಬೆಳೆದದ್ದು" ಅಂದಿದ್ದ. ಒಪ್ಪಿಕೊಂಡುಬಿಟ್ಟೆ. ಈ ಕೈಗೆ ಇದೇ ಕೊನೆಯ ಕೆಲಸ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಕೊನೆಯದು ಸ್ವಂತ ಮನೆಯೇ ಆಗಲಿ ಅಂತ ಆಸೆ.

ಇಷ್ಟು ವರ್ಷದ ಕಸುಬಿನಲ್ಲಿ ನಾನು ಕಟ್ಟಿದ್ದೆಲ್ಲ ಮೂರೇ ಗೋಡೆ. ನಾಟಕದಲ್ಲಿ ನಾಲ್ಕನೆಯ ಕಡೆ ಜನ ಕೂರುತ್ತಾರೆ. ಟೀವಿಯಲ್ಲಿ ಮೂರು ಕ್ಯಾಮೆರಾ, ಮೇಕಪ್ಪಿನವನು, ಅವನ ಚಹಾ ಲೋಟ. ಅಲ್ಲಿ ಗೋಡೆ ಹಾಕುವವರು ಯಾರೂ ಇಲ್ಲ.

ಜೂನ್ 5, ಗುರುವಾರ

ಬೆಳಿಗ್ಗೆಯಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ.

ನಡುಮನೆ. ಬೀದಿ ಬಾಗಿಲಿನ ಗೋಡೆ — ಬಾಗಿಲ ಪಕ್ಕ ಗಾಜಿನ ಕಪಾಟು, ಒಂದು ಗಾಜಿಗೆ ಬಿರುಕು, ಬಿರುಕಿನ ಮೇಲೆ ಅಪ್ಪ ಅಂಟಿಸಿದ ಟೇಪು. ಎಡಗಡೆ ಕಿಟಕಿ. ಕೆಳಗಿನ ಸರಳು ಬಗ್ಗಿತ್ತು, ಅಕ್ಕ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದಳು. ಬಲಗಡೆ ಅಡುಗೆಮನೆ ಬಾಗಿಲು, ಹೊಸ್ತಿಲು ನಡುವೆ ಸವೆದು ತಗ್ಗಾಗಿತ್ತು. ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಳೆ ಎಲ್ಲಿತ್ತು ಅಂತ ಕೇಳಿದರೂ ಹೇಳುತ್ತೇನೆ.

ನಾಲ್ಕನೆಯದು... ಬೀದಿ ಬಾಗಿಲಿಗೆ ಎದುರಿನ ಗೋಡೆ. ಅದರ ಹಿಂದೆ ಪಕ್ಕದವರ ಮನೆ, ಅದಕ್ಕೇ ಬಾಗಿಲು ಕಿಟಕಿ ಏನೂ ಇರಲಿಲ್ಲ, ಅಷ್ಟು ಗೊತ್ತು. ಆದರೆ ಏನಿತ್ತು? ಗೂಡು? ಗಡಿಯಾರ? ಬಟ್ಟೆ ಹಾಕುವ ಗೂಟ? ಕಣ್ಣು ಮುಚ್ಚಿದರೆ ಅಲ್ಲಿ ಗೋಡೆಯೇ ಇಲ್ಲ. ಬರೀ ಖಾಲಿ.

ಮಧ್ಯಾಹ್ನ ಮಲಗಲಿಲ್ಲ. ಹುಟ್ಟಿದಾಗಿನಿಂದ ಇದ್ದ ಮನೆ. ಇದೆಂಥ ಎಡವಟ್ಟು.

ಜೂನ್ 8, ಭಾನುವಾರ

ಭಾನುವಾರ ಅಂದರೆ ಅಕ್ಕನ ಫೋನು. ಮೊದಲು ಅವಳ ಮಂಡಿ, ಆಮೇಲೆ ಭಾವನ ಬಿಪಿ, ಆಮೇಲೆ ಪ್ರಪಂಚ. ಇವತ್ತು ಮಂಡಿಗೂ ಮುಂಚೆ ಕೇಳಿದೆ.

"ಅಕ್ಕ, ನಮ್ಮ ನಡುಮನೇಲಿ ಬೀದಿ ಬಾಗಿಲಿಗೆ ಎದುರಿನ ಗೋಡೆ ಇತ್ತಲ್ಲ, ಅಲ್ಲೇನಿತ್ತೇ?"

"ಅಯ್ಯೋ, ಅಷ್ಟೂ ಗೊತ್ತಿಲ್ವಾ? ಮೆಟ್ಟಿಲು."

"ಯಾವ ಮೆಟ್ಟಿಲು?"

"ಮಹಡಿ ಮೆಟ್ಟಿಲು ಕಣೇ. ಅದರ ಕೆಳಗೆ ಫೋನಿನ ಸ್ಟ್ಯಾಂಡು. ಕೆಂಪು ಫೋನು."

"ಅಕ್ಕ. ನಮ್ಮನೇಗೆ ಮಹಡಿ ಎಲ್ಲಿತ್ತು?"

"ಮಹಡಿ..." ಅಂತ ಗೊಣಗಿದಳು.

"ಫೋನೂ ಇರಲಿಲ್ಲ. ನೀನು ಹೇಳ್ತಿರೋದು ನನ್ನ ಸೀರಿಯಲ್ ಸೆಟ್ಟು. ಹೀರೋಯಿನ್ ಸಿಟ್ಟು ಮಾಡ್ಕೊಂಡು ಇಳಿದು ಬರೋಕೆ ಮೆಟ್ಟಿಲು ಬೇಕು ಅಂತ ಚಾನೆಲ್‌ನೋರು ಪ್ರಾಣ ತಿಂದ್ರು. ಅದಕ್ಕೆ ಹಾಕಿದ್ದು."

"ಹೌದಾ..." ಅಂದಳು. "ಮತ್ತೆ ನಾನು ಆ ಮೆಟ್ಟಿಲಿಂದ ಬಿದ್ದು ಗದ್ದ ಒಡ್ಕೊಂಡಿದ್ದು?"

"ಅದು ಸ್ಕೂಲಲ್ಲಿ!"

ಇಬ್ಬರೂ ನಕ್ಕೆವು. ಅವಳು ಉಸಿರು ಕಟ್ಟುವಷ್ಟು ನಕ್ಕಳು. "ಆರು ವರ್ಷ ದಿನಾ ಅದೇ ಮನೆ ನೋಡಿದೀನಿ ಕಣೇ, ಜಾಹೀರಾತು ಸಮೇತ. ಅಲ್ಲೇ ಹುಟ್ಟಿದ್ದು ಅನ್ನಿಸಿಬಿಟ್ಟಿದೆ" ಅಂದಳು.

ಮಂಡಿ ವಿಷಯ ಎತ್ತಲೇ ಇಲ್ಲ. ನಗುತ್ತಾ ಇಟ್ಟಳು.

ಜೂನ್ 9, ಸೋಮವಾರ

ನಿನ್ನೆಯದೇ ತಲೆಯಲ್ಲಿ ಕೊರೆಯುತ್ತಿದೆ. ಅಮ್ಮ ಇಲ್ಲ, ಅಪ್ಪ ಇಲ್ಲ. ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತು, ಕೆಳಗೆ ಟೈರ್ ಅಂಗಡಿ. ಉಳಿದ ಸಾಕ್ಷಿ ಅಕ್ಕ ಒಬ್ಬಳು. ಅವಳ ತಲೆಗೂ ನನ್ನ ಸೆಟ್ಟೇ ಹೊಕ್ಕು ಕೂತಿದೆ.

ಚೆನ್ನಾಗಿಯೇ ಕಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಚಹಾ ಡಿಕಾಕ್ಷನ್ ಬಳಿದು ಗೋಡೆಗೆ ವಯಸ್ಸು ಬರಿಸಿದ್ದೆ. ಸ್ವಿಚ್ ಬೋರ್ಡಿನ ಸುತ್ತ ಬೆರಳ ಕಪ್ಪು. ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಬಿಳಿ ಚೌಕ. ಅತ್ತೆ ಪಾತ್ರದವರು ಬ್ರೇಕಿನಲ್ಲಿ ಆ ಸುಳ್ಳು ಅಡುಗೆಮನೆಯಲ್ಲೇ ಕೂತು ನಿಜವಾದ ಸೊಪ್ಪು ಬಿಡಿಸುತ್ತಿದ್ದರು, ಮನೆಗೆ ಹೋಗಿ ಬಿಡಿಸಲು ಟೈಮಿಲ್ಲ ಅಂತ. ಒಮ್ಮೆ ಲೈಟ್‌ಮನ್ ಒಬ್ಬ ಚಪ್ಪಲಿ ಹೊರಗೆ ಬಿಟ್ಟು ಸೆಟ್ಟಿನೊಳಗೆ ಬಂದ. ಆವತ್ತು ನನಗೆ ನೆಲಕ್ಕೆ ಕಾಲು ತಾಗಲಿಲ್ಲ.

ಎಂಥ ದಿನಗಳು! ಸ್ಟುಡಿಯೋ ಗೇಟಿನಲ್ಲಿ ಇಳಿದರೆ ಮರದ ಪುಡಿ ವಾಸನೆ, ಬಣ್ಣದ ವಾಸನೆ. ಹತ್ತು ಜನ ಹತ್ತು ಕಡೆಯಿಂದ ಮೇಡಂ ಮೇಡಂ ಅನ್ನುವರು. ರೇಗುತ್ತಿದ್ದೆ. ಈಗ ಇಡೀ ದಿನ ಕೂತರೂ ಗ್ಯಾಸಿನವನು ಬಿಟ್ಟರೆ ಯಾರೂ ಕೂಗುವುದಿಲ್ಲ.

ಜೂನ್ 12, ಗುರುವಾರ, ಸಂಜೆ

ಗುಂಡುಪಿನ್ನು ಮನೆಗೇ ಬಂದ. ಮಾಡೆಲ್ ಸುತ್ತ ಬಗ್ಗಿ ಬಗ್ಗಿ ನೋಡಿದ. ತೆರೆದ ಬದಿಗೆ ಬೆರಳಿಟ್ಟ.

"ಒಂದು ಗೋಡೆ ತಾನೇ ಮೇಡಂ? ಒಂದು ಶೆಲ್ಫು, ಎರಡು ಫೋಟೋ, ಏನೋ ಒಂದು ಹಾಕಿ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ."

"ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ."

"ಆ ಗೋಡೆ ಸಿಕ್ಕಿದ್ರೆ ನಾನೂ ಅದರ ಹತ್ರಾನೇ ಮಾತಾಡ್ತಿದ್ದೆ ಕಣೋ."

ಬಿಸ್ಕತ್ತು ಚಹಾದಲ್ಲಿ ಅದ್ದಿ, ಅದು ಮುರಿದು ಬಿದ್ದದ್ದನ್ನು ಚಮಚದಲ್ಲಿ ಹುಡುಕುತ್ತಾ, ಕೊನೆಗೆ ಹೇಳಬೇಕಾದದ್ದು ಹೇಳಿದ. ಈ ತಿಂಗಳ ಕೊನೆಯೊಳಗೆ ಡ್ರಾಯಿಂಗ್ ಬೇಕು. ಇಲ್ಲದಿದ್ದರೆ ಆ ಕಡೆ ಕಪ್ಪು ಪರದೆ ಇಳಿಬಿಡುತ್ತಾನೆ. "ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಭಯ. ಮೂರು ಗೋಡೆ ನಿಜ ಮಾಡಿ ನಾಲ್ಕನೆಯದಕ್ಕೆ ಕಪ್ಪು ಬಟ್ಟೆ ಬಿಟ್ಟರೆ ಮತ್ತೊಂದು ಸೆಟ್ ಆಯಿತು ಅಷ್ಟೇ. ಸುಳ್ಳು ಶೆಲ್ಫ್ ಹಾಕಿದರೆ ನಾಳೆಯಿಂದ ನನ್ನ ನೆನಪಿನಲ್ಲೂ ಆ ಶೆಲ್ಫೇ ಕೂರುತ್ತದೆ. ಅಕ್ಕನ ಮೆಟ್ಟಿಲ ಹಾಗೆ. ಆಮೇಲೆ ನನ್ನ ಮನೆ ಯಾರ ಹತ್ತಿರವೂ ಇರುವುದಿಲ್ಲ.

ಜೂನ್ 15, ಭಾನುವಾರ

ರಾತ್ರಿ ಮಲಗುವಾಗ ಹೊಳೆದಿತ್ತು — ಸಿನಿಮಾ! ನನ್ನ ಸಿನಿಮಾ. ನಾನು ನಿರ್ದೇಶಿಸಿದ್ದು ಒಂದೇ ಒಂದು. ಅಮ್ಮ ಹೋದ ಮೇಲೆ, ಮನೆ ಮಾರುವ ಮುಂಚೆ, ಅದೇ ನಡುಮನೆಯಲ್ಲಿ ಶೂಟಿಂಗ್. ಒಂದು ವಾರ ಓಡಿತು. ಎರಡನೆಯ ವಾರಕ್ಕೆ ಕಾಲು ಸೋತಿತು. ಮತ್ತೆ ಯಾವ ನಿರ್ಮಾಪಕನೂ ಈ ಕಡೆ ತಲೆ ಹಾಕಲಿಲ್ಲ. ಆದರೆ ಚಾನೆಲ್‌ನವರು ನೋಡಿ, "ಆ ಸಿನಿಮಾದ ಮನೆಯ ಹಾಗೇ ಸೆಟ್ ಬೇಕು" ಅಂತ ಕರೆದರು. ಅದರಿಂದಲೇ ಮುಂದಿನ ಅನ್ನ.

ಪ್ರತಿ ಇರುವುದು ಕ್ಯಾಮೆರಾಮನ್ ಹತ್ತಿರ ಮಾತ್ರ. ಇವತ್ತು ಹೋದೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿದೆ. ಮೇಲೆ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂತು.

"ಬನ್ನಿ ಡೈರೆಕ್ಟ್ರೇ!"

ಹಾಗೆ ಕರೆಯುವವರು ಈ ಭೂಮಿ ಮೇಲೆ ಇವರೊಬ್ಬರೇ ಉಳಿದಿರುವುದು. ಬಾಗಿಲಲ್ಲೇ ಕಣ್ಣು ತುಂಬಿತು. ಮೆಟ್ಟಿಲು ಹತ್ತಿದ ಆಯಾಸ ಅಂತ ಸುಳ್ಳು ಹೇಳಿದೆ. ಅವರ ಒಂದು ಕಣ್ಣಿಗೆ ಆಪರೇಷನ್ ಆಗಿ ಬ್ಯಾಂಡೇಜು. "ಜೀವಮಾನವೆಲ್ಲ ಒಂದೇ ಕಣ್ಣಲ್ಲಿ ದುಡಿದಿದ್ದು ತಾನೇ, ಒಂದು ಸಾಕು" ಅಂದರು.

ಟೀವಿಯಲ್ಲಿ ಹಾಕಿದರು. ಅಲ್ಲಿದೆ ಮನೆ. ಕಿಟಕಿಯಿಂದ ಬಿಸಿಲು, ಬಿಸಿಲಲ್ಲಿ ದೂಳು. ಕಪಾಟು, ಗಾಜಿನ ಮೇಲೆ ಅಪ್ಪನ ಟೇಪು. ಸವೆದ ಹೊಸ್ತಿಲು. ಅರ್ಧ ಸಿನಿಮಾ ಮುಗಿದ ಮೇಲೆ ಗೊತ್ತಾಯಿತು — ಕ್ಯಾಮೆರಾ ಒಂದು ಸಲವೂ ಹಿಂದೆ ತಿರುಗುವುದಿಲ್ಲ. ಪ್ರತಿ ಶಾಟ್ ಅದೇ ಗೋಡೆಯಿಂದ. ಪ್ರತಿಯೊಂದೂ!

"ಯಾಕೆ ಹಾಗೆ ಇಟ್ವಿ?"

"ನೀವೇ ಇಡಿಸಿದ್ದು. ಬಂದ ಮೊದಲನೇ ದಿನ ಸೀದಾ ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು ನಿಂತು, 'ಇಲ್ಲಿಂದ' ಅಂದ್ರಿ. ಬೆಳಕೂ ಸರಿಯಾಗಿತ್ತು, ನಾನು ಬಾಯಿ ಮುಚ್ಕೊಂಡೆ."

ಕಪಾಟಿನ ಗಾಜು ಹತ್ತಿರ ಬಂದಾಗ ನಿಲ್ಲಿಸಿ ಅಂದೆ. ಗಾಜಿನಲ್ಲಿ ಎದುರಿನ ಗೋಡೆ ಕಾಣಲೇಬೇಕಲ್ಲ. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಗಾಜಿನೊಳಗೆ ಬರೀ ಕಪ್ಪು.

"ಬಟ್ಟೆ ಅದು" ಅಂದರು. "ಗಾಜಲ್ಲಿ ಯೂನಿಟ್ಟೆಲ್ಲ ಕಾಣ್ತಿತ್ತು. ಕಪ್ಪು ಬಟ್ಟೆ ಬಿಗಿದು ಅದರ ಮುಂದೆ ನಿಂತ್ವಿ."

"ಬಟ್ಟೆ ಹಿಂದೆ ಏನಿತ್ತು?"

"ಗೋಡೆ."

"ಗೋಡೆ ಮೇಲೆ?"

ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡು ಯೋಚಿಸಿದರು. "ಕಲೆ ಇತ್ತು ಡೈರೆಕ್ಟ್ರೇ. ಗುಂಡಗೆ ಮೂರು, ಸಾಲಾಗಿ. ಇಷ್ಟು ಎತ್ತರದಲ್ಲಿ." ಎದ್ದು ನಿಂತು ಸೊಂಟದ ಹತ್ತಿರ ಕೈ ಹಿಡಿದರು. "ಬಟ್ಟೆ ಹೊಡೆಯುವಾಗ ನೋಡಿದ್ದು. ನೀರಿಳಿದಿರಬೇಕು."

ಮತ್ತೇನು?

"ಮತ್ತೇನೂ ಇಲ್ಲ. ಬೋಳು ಗೋಡೆ."

ಅವರ ಮನೆಯವರು ಊಟಕ್ಕೆ ಏಳಿ ಅಂದರು. ತಟ್ಟೆ ಮುಂದೆ ಕೂತು ಏನು ತಿಂದೆನೋ ಗೊತ್ತಿಲ್ಲ.

ಜೂನ್ 24, ಮಂಗಳವಾರ

ಒಂಬತ್ತು ದಿನ ಬರೆದಿಲ್ಲ. ಏನು ಬರೆಯಲಿ.

ಮೂರು ಕಲೆ ಬರೆದು ನೋಡಿದೆ. ಅಳಿಸಿದೆ. ಮತ್ತೆ ಬರೆದೆ. ಕಾಗದದ ಮೇಲೆ ನೀರಿಳಿದ ಕಲೆ ಎಷ್ಟು ಚೆನ್ನಾಗಿ ಬಂದರೂ ಅದು ಸುಳ್ಳು ಅಂತ ಕೈಗೇ ಗೊತ್ತು. ಮಳೆ ನೀರಾದರೆ ಸೂರಿನಿಂದ ಇಳಿಯಬೇಕು, ನೆಲದ ತೇವವಾದರೆ ಕೆಳಗಿನಿಂದ ಹತ್ತಬೇಕು. ಗೋಡೆಯ ನಡುವೆ ಗುಂಡಗೆ, ಅದೂ ಸಾಲಾಗಿ ಯಾವ ನೀರು ಇಳಿಯುತ್ತದೆ?

ಪರದೆ ಮೇಷ್ಟ್ರು ಇದ್ದಿದ್ದರೆ ಬ್ರಷ್ಷಿನ ಹಿಡಿಯಿಂದ ತಲೆಗೆ ಕುಟ್ಟುತ್ತಿದ್ದರು. ಕಾಲೇಜು ಬಿಟ್ಟು ಅವರ ನಾಟಕ ಕಂಪನಿ ಸೇರಿದ್ದೆ. ಎರಡು ಆಳು ಎತ್ತರದ ಪರದೆ ನೆಲದ ಮೇಲೆ ಹಾಸಿ, ಅದರ ಮೇಲೇ ಬರಿಗಾಲಲ್ಲಿ ಓಡಾಡುತ್ತಾ ಅರಮನೆ ಬರೆಯುತ್ತಿದ್ದರು, ಬಾಯಲ್ಲಿ ಬೀಡಿ. ಒಮ್ಮೆ ನಾನು ಚೆಂದಕ್ಕೆ ಅಂತ ಬಡವರ ಮನೆಯ ಗೋಡೆಗೆ ಒಂದು ಕಲೆ ಹಾಕಿದೆ. "ಇದು ಯಾರು ಮಾಡಿದ್ದು?" ಅಂದರು. "ನಾನೇ ಮೇಷ್ಟ್ರೇ." "ನೀನಲ್ಲ ಕಣಮ್ಮ. ಆ ಮನೇಲಿ ಯಾರು ಮಾಡಿದ್ದು? ಅದು ಗೊತ್ತಿಲ್ಲದೆ ಕಲೆ ಹಾಕ್ಬೇಡ." ಆವತ್ತು ನಕ್ಕಿದ್ದೆ. ಆಮೇಲೆ ಇಡೀ ಜೀವನ ಆ ಒಂದು ಮಾತಿನ ಮೇಲೆ ದುಡಿದೆ.

ಸ್ವಂತ ಮನೆಯ ಕಲೆ ಯಾರು ಮಾಡಿದ್ದು ಅಂತ ಗೊತ್ತಿಲ್ಲ.

ಬಡಗಿಯ ಫೋನು: "ಮೇಡಂ, ಮೂರು ಗೋಡೆ ಎದ್ದು ನಿಂತಿದೆ. ನಾಲ್ಕನೇದು ಬರತ್ತೋ, ಇಲ್ಲಾ ಮನೆಯೋರು ಹಿಂಗೇ ಚಳೀಲಿ ಇರಬೇಕೋ?"

ಅಕ್ಕನ ಊರಿಗೆ ಹೋಗುತ್ತೇನೆ. ಫೋನಿನಲ್ಲಿ ಆಗುವ ಕೆಲಸವಲ್ಲ.

ಜೂನ್ 28, ಶನಿವಾರ, ಅಕ್ಕನ ಮನೆ

ಬಸ್ಸಿನಲ್ಲಿ ಸೊಂಟ ಮುರಿಯಿತು. ನಿನ್ನೆ ಸಂಜೆ ಬಂದೆ. ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದಾರೆ, ಎಲ್ಲ ಕೆನೆ ಬಣ್ಣ. ಭಾವ ಯಾರನ್ನೂ ಗೋಡೆ ಮುಟ್ಟಲು ಬಿಡುತ್ತಿಲ್ಲ, ಮ್ಯೂಸಿಯಂ ಕಾವಲುಗಾರರ ಹಾಗೆ ಹಿಂದೆ ಮುಂದೆ ಓಡಾಡುತ್ತಿದ್ದಾರೆ.

ಬೆಳಿಗ್ಗೆ ತಿಂಡಿ ಆದ ಮೇಲೆ ಅಕ್ಕ ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಮಂಡಿ ನೋವಿದ್ದರೂ ಕುರ್ಚಿ ಅಂದರೆ ಆಗುವುದಿಲ್ಲ. ಎಣ್ಣೆ ಹಚ್ಚಿದ ತಲೆ. ನಾನು ಮಾಡೆಲ್‌ನ ಫೋಟೋ ತೋರಿಸಿ, ಇನ್ನೊಂದು ಸಲ ಯೋಚನೆ ಮಾಡು, ಮೆಟ್ಟಿಲು ಬಿಟ್ಟು ಅಂತ ಗೋಗರೆಯುತ್ತಿದ್ದೆ. ಅವಳು "ನೆನಪಿಲ್ಲ ಕಣೇ, ಜೀವ ತಿನ್ಬೇಡ" ಅನ್ನುತ್ತಾ ಹಿಂದಕ್ಕೆ ಒರಗಿದಳು.

ಭಾವ ಬಾಗಿಲ ಹತ್ತಿರದಿಂದಲೇ ಕೂಗಿದರು. "ತಲೆ! ತಲೆ! ಟವೆಲ್ ಹಾಕ್ಕೋ ಅಂತ ಎಷ್ಟು ಸಲ ಹೇಳಬೇಕು?" ಓಡಿ ಬಂದು ಗೋಡೆಗೂ ಅವಳ ತಲೆಗೂ ನಡುವೆ ಒಂದು ಟವೆಲ್ ತುರುಕಿದರು. "ನೋಡಿ, ಆಗಲೇ ಕಲೆ ಮಾಡಿದಾಳೆ. ಮೊನ್ನೆ ಮೊನ್ನೆ ಬಣ್ಣ ಹೊಡೆಸಿದ್ದು."

ಅಕ್ಕ ಮೂಗು ಮುರಿದಳು. "ಹೋಗ್ಲಿ ಬಿಡಿ. ನಮ್ಮಮ್ಮನೂ ಹಿಂಗೇ. ಎಷ್ಟು ಸುಣ್ಣ ಹೊಡೆದ್ರೂ ಅಮ್ಮನ ತಲೆ ಮತ್ತೆ ಎದ್ದು ಬರ್ತಿತ್ತು."

ನಾನು ಟವೆಲ್ ಎತ್ತಿ ನೋಡಿದೆ. ಕೆನೆ ಬಣ್ಣದ ಮೇಲೆ ಗುಂಡಗೆ ಎಣ್ಣೆಯ ಕಲೆ. ಕೂತವರ ತಲೆಯ ಎತ್ತರ. ನಿಂತರೆ ಸೊಂಟದ ಎತ್ತರ.

ಅಕ್ಕನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಅವಳೂ ನೋಡಿದಳು.

"ಮೂರಿತ್ತು" ಅಂದೆ.

"ಹೂಂ ಕಣೇ" ಅಂದಳು, ತುಂಬ ಮೆಲ್ಲಗೆ. "ಮಧ್ಯದಲ್ಲಿ ಅಮ್ಮಂದು, ದೊಡ್ಡದು. ಆ ಕಡೆ ನಾನು. ಈ ಕಡೆ ನೀನು. ನಿಂದು ಎಲ್ಲಕ್ಕಿಂತ ಕೆಳಗೆ."

"ನನಗೆ ಆ ಗೋಡೆ ನೆನಪೇ ಇಲ್ವಲ್ಲೇ..."

"ಹೇಗಿರತ್ತೆ? ಯಾವಾಗ ನೋಡಿದೀಯ ಅದನ್ನ? ಸಂಜೆ ದೀಪ ಹಚ್ಚಿದ್ರೆ ಮೂರೂ ಜನ ಅದಕ್ಕೆ ಒರಗಿ ಬಾಗಿಲು ನೋಡ್ತಾ ಕೂತಿರ್ತಿದ್ವಿ."

ಅಪ್ಪ ಲಾರಿ ಓಡಿಸುತ್ತಿದ್ದರು. ಇವತ್ತು ಬರಬಹುದು, ನಾಳೆ ಬರಬಹುದು. ಊಟ ಮುಚ್ಚಿಟ್ಟು ಅಮ್ಮ ಅಲ್ಲಿ ಒರಗುತ್ತಿದ್ದಳು. ನಮಗೆ ನಿದ್ದೆ ಬರದಿರಲಿ ಅಂತ, ಅವಳಿಗೆ ಭಯ ಆಗದಿರಲಿ ಅಂತಲೂ ಇರಬೇಕು, ಖಾಲಿ ಬಾಗಿಲನ್ನು ತೋರಿಸಿ ಅಪ್ಪನನ್ನು ಬರಿಸುತ್ತಿದ್ದಳು. ನೋಡ್ತಾ ಇರಿ, ಮೊದಲು ಕೆಮ್ಮು ಬರತ್ತೆ. ಆಮೇಲೆ ಚಪ್ಪಲಿ ಸದ್ದು. ಆಮೇಲೆ ಬಾಗಿಲಲ್ಲಿ ಟವೆಲ್ಲು. ಕಡೇಲಿ ಅಪ್ಪ. ಅಮ್ಮ ಕೆಮ್ಮಿಯೂ ತೋರಿಸುತ್ತಿದ್ದಳು, ಥೇಟ್ ಅಪ್ಪನ ಹಾಗೆ. ಬಾರದ ದಿನವೂ ಅವರು ಬಂದ ಹಾಗೇ ಆಗುತ್ತಿತ್ತು.

ಇದನ್ನು ಬರೆಯುತ್ತಾ ಅಳುತ್ತಿದ್ದೇನೆ. ಅಳು ಬರಲಿ ಬಿಡು. ಕ್ಯಾಮೆರಾ ಅಲ್ಲಿಟ್ಟದ್ದು ಬೆಳಕು ನೋಡಿ ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಸಂದರ್ಶನದಲ್ಲಿ ಕೂಡ! ಅಮ್ಮನ ಪಕ್ಕದಲ್ಲಿ ಇಟ್ಟಿದ್ದೆ. ನಾನು ಎಲ್ಲಿಂದ ನೋಡಲು ಕಲಿತೆನೋ ಅಲ್ಲೇ.

ಸಂಜೆ ಅಕ್ಕ ಕೇಳಿದಳು. "ಹಾಗಾದ್ರೆ ಮೆಟ್ಟಿಲು ಇರಲೇ ಇಲ್ಲ ಅಂತೀಯಾ?"

"ಇರಲಿಲ್ಲ ಅಕ್ಕ."

"ಚೆನ್ನಾಗಿತ್ತು ಬಿಡು."

ಜೂನ್ 30, ಸೋಮವಾರ

ಬಸ್ಸಿಳಿದು ನೇರ ಟೇಬಲ್ಲಿಗೆ. ಗೋಡೆ ಮುಗಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಚೌಕ. ಸುಣ್ಣ. ಮೂರು ಗುಂಡು ಕಲೆ. ಕೈ ನಡುಗಿತು, ಪರವಾಗಿಲ್ಲ, ತಲೆ ತಾಗಿದ ಕಲೆಗೆ ಅಂಚು ನೆಟ್ಟಗಿರುವುದಿಲ್ಲ.

ಗುಂಡುಪಿನ್ನಿಗೆ ಕಳಿಸಿದೆ. ಫೋನ್ ಬಂತು.

"ಮೇಡಂ... ಇಷ್ಟೇನಾ?"

"ಇಷ್ಟೇ."

"ಕಪ್ಪು ಪರದೆಗೂ ಇದಕ್ಕೂ..."

ಹೇಳಿದೆ. ಅಮ್ಮ, ನಾವು, ಲಾರಿ, ಕೆಮ್ಮು. ಮಧ್ಯೆ ಬಾಯಿ ಹಾಕಲಿಲ್ಲ. ಪಿನ್ನು ನುಂಗಿಬಿಟ್ಟನೇನೋ ಅನ್ನಿಸಿತು.

"ಬಾಗಿಲಿಗೆ ಎದುರು ಅಂದ್ರಲ್ಲ" ಅಂದ ಆಮೇಲೆ. "ಜನ ಒಳಗೆ ಬರೋದೂ ಅದೇ ಬಾಗಿಲಿಂದ. ಬಂದ ತಕ್ಷಣ ಮೊದಲು ಕಾಣೋದೇ ಇದು. ಆ ಗೋಡೆ ಮುಂದೆ ಒಂದು ಸ್ಟೂಲೂ ಹಾಕಲ್ಲ ಮೇಡಂ. ಖಾಲಿ ಬಿಡ್ತೀನಿ."

ಅದಕ್ಕೇ ಅವನು ನಿರ್ದೇಶಕ. ಅವನಿಗೆ ಹೇಳಲಿಲ್ಲ, ಹೇಳಿದರೆ ತಲೆ ತಿರುಗೀತು.

ಜುಲೈ 5, ಶನಿವಾರ

ಗೋಡೆ ಎದ್ದಿತು. ಬಡಗಿ ಸುತ್ತ ನೋಡಿ, "ಇದಕ್ಕಾ ಮೇಡಂ ಒಂದು ತಿಂಗಳು ಕಾಯಿಸಿದ್ದು?" ಅಂದ. ಬಿಳಿ ಹೊಡೆಸಿದೆ. ಇನ್ನು ಇದನ್ನು ಕೊಳಕು ಮಾಡಬೇಕು ಅಂದದ್ದಕ್ಕೆ ಬ್ರಷ್ ಕೆಳಗಿಟ್ಟು ಚಹಾ ಕುಡಿಯಲು ಹೋದ.

ಸೆಟ್ಟಿನೊಳಗೆ ಒಬ್ಬಳೇ ನಿಂತಿದ್ದೆ. ಸುತ್ತ ತಿರುಗಿದೆ. ಜೀವನದಲ್ಲಿ ಮೊದಲ ಸಲ ಸುತ್ತ ತಿರುಗಬಹುದಾದ ಮನೆ ಕಟ್ಟಿದ್ದೇನೆ. ತಲೆ ಸುತ್ತಿತು. ಕೂತೆ.

ಜುಲೈ 9, ಬುಧವಾರ

ಚಹಾ, ಕಂದು ಬಣ್ಣ, ಮೇಣ ಎಲ್ಲ ನೋಡಿದೆ. ಬರೆದ ಕಲೆ ಬರೆದ ಹಾಗೇ ಕಾಣುತ್ತದೆ. ಇಷ್ಟು ವರ್ಷದ ವಿದ್ಯೆ ಕೈ ಕೊಟ್ಟಿತು. ಕೊನೆಗೆ ಅಕ್ಕನಿಗೆ ಬಾ ಅಂದೆ. ಬಂದಳು, ಎಣ್ಣೆ ಬಾಟಲಿ ಸಮೇತ. ಭಾವನಿಗೆ ಖುಷಿಯೋ ಖುಷಿಯಂತೆ, ಮೂರು ದಿನ ಗೋಡೆ ಉಳಿಯಿತು ಅಂತ.

ಎಣ್ಣೆ ಸುರಿದುಕೊಂಡು ತನ್ನ ಜಾಗದಲ್ಲಿ ಕೂತಳು.

"ಇನ್ನೂ ಕೆಳಗೆ ಅಕ್ಕ. ನೀನಾಗ ಚಿಕ್ಕವಳು."

ಜಾರಿದಳು.

"ಇನ್ನೂ."

"ಈ ವಯಸ್ಸಲ್ಲಿ ನನ್ನ ನೆಲಕ್ಕೆ ಅಂಟಿಸ್ತೀಯಲ್ಲೇ! ಎಬ್ಬಿಸೋಕೆ ಕ್ರೇನ್ ಇದೆಯಾ ನಿನ್ನ ಸ್ಟುಡಿಯೋಲಿ?"

ಬಡಗಿ ನಗು ತಡೆಯಲಾರದೆ ಹೊರಗೆ ಓಡಿದ. ನನ್ನ ಚಿಕ್ಕ ಕಲೆಯನ್ನೂ ಅವಳೇ ಮಾಡಿಕೊಟ್ಟಳು, ಇನ್ನೂ ಕೆಳಗೆ ಜಾರಿ, ಬಯ್ಯುತ್ತಾ. ಉಳಿದದ್ದು ನಡುವಿನದು.

"ಅದು ನೀನು ಕೂತ್ಕೋ" ಅಂದಳು.

"ನಾನಾ? ನೀನು ದೊಡ್ಡೋಳು."

"ನಿನ್ನ ತಲೆ ಥೇಟ್ ಅಮ್ಮನ ತಲೆ ಕಣೇ. ಹಿಂದೆಯಿಂದ ನೋಡಿದ್ರೆ ನನಗೇ ಒಂದೊಂದು ಸಲ ಎದೆ ಝಲ್ ಅನ್ನತ್ತೆ. ಬಾ ಇಲ್ಲಿ."

ಎಣ್ಣೆ ಹಚ್ಚಿದಳು. ನೆತ್ತಿಗೆ ತಟ್ಟಿ ತಟ್ಟಿ, ಸಣ್ಣವಳಿದ್ದಾಗ ತಟ್ಟುತ್ತಿದ್ದ ಹಾಗೆ. ಹೋದಾಗ ಅಮ್ಮನಿಗೆ ಈಗಿನ ನನ್ನಷ್ಟು ವಯಸ್ಸಾಗಿರಲಿಲ್ಲ. ಅಮ್ಮನ ಜಾಗಕ್ಕೆ ಒರಗಿದೆ. ಎದುರಿಗೆ ಬಾಗಿಲು. ಪಕ್ಕದಲ್ಲಿ, ಸ್ವಲ್ಪ ಕೆಳಗೆ, ನನ್ನ ಚಿಕ್ಕ ಕಲೆ. ಎಷ್ಟು ಚಿಕ್ಕದಿತ್ತು ತಲೆ! ಅಮ್ಮನಿಗೆ ನಾನು ಇಷ್ಟೇ ಕಾಣುತ್ತಿದ್ದೆ.

ತುಂಬ ಹೊತ್ತು ಕೂತಿದ್ದೆವು. ಕಲೆ ಹಿಡಿಯಬೇಕಲ್ಲ ಅಂತ ಇಬ್ಬರೂ ನೆಪ ಹೇಳಿಕೊಂಡೆವು.

ಜುಲೈ 12, ಶನಿವಾರ, ಸಂಜೆ, ಸೆಟ್ಟಿನೊಳಗೆ

ಮೊದಲ ಪ್ರದರ್ಶನ. ಇನ್ನೂ ಬಾಗಿಲು ತೆಗೆದಿಲ್ಲ. ನಟರು ಅಡುಗೆಮನೆಯ ಹಿಂದೆ ಗುಸುಗುಸು. ಹೊರಗೆ ಜನ ಸೇರಿದ್ದಾರೆ. ಕ್ಯಾಮೆರಾಮನ್ ಬ್ಯಾಂಡೇಜು ಬಿಚ್ಚಿಸಿಕೊಂಡು ಬಂದಿದ್ದಾರಂತೆ, ಎರಡು ಕಣ್ಣೂ ಬೇಕು ಇದಕ್ಕೆ ಅಂದರಂತೆ. ಲೈಟ್ ಒಂದು ಸಲ ಹಾಕಿ ನೋಡಿದರು. ಮೂರೂ ಕಲೆ ಮೆಲ್ಲಗೆ ಹೊಳೆಯಿತು.

ಗುಂಡುಪಿನ್ನು ಬಂದು, "ಐದು ನಿಮಿಷ ಮೇಡಂ, ನೀವಿಬ್ರು ಏಳಿ" ಅಂದ. ನಾವು ಅಮ್ಮನ ಗೋಡೆಗೆ ಒರಗಿ ಕೂತಿದ್ದೇವೆ, ಅಕ್ಕ ಆ ಕಡೆ, ನಾನು ನಡುವೆ. ಮಂಡಿ ಹಿಡಿದುಕೊಂಡಿದೆ ಅಂದಳು ಅಕ್ಕ. ಸುಳ್ಳು. ಅವನಿಗೂ ಗೊತ್ತಾಯಿತು. "ಸರಿ, ಅಲ್ಲೇ ಇರಿ" ಅಂದು ಹೋದ. ಕರ್ಚೀಫು ಯಾಕೆ ತೆಗೆದನೋ.

ದೀಪ ಇಳಿಸುತ್ತಿದ್ದಾರೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಎದುರಿಗೆ ಬಾಗಿಲು, ಇನ್ನೂ ಮುಚ್ಚಿದೆ. ಆಚೆ ಯಾರೋ ಕೆಮ್ಮಿದರು.

ಅಕ್ಕ ಮೊಣಕೈಯಿಂದ ತಿವಿದಳು. "ಕೇಳಿಸ್ತಾ?"

ಹೂಂ. ಈಗ ಚಪ್ಪಲಿ